ಕಡ ತಂದ ಇತಿಹಾಸ

ನಮ್ಮೂರಿಗೆ ಇತಿಹಾಸ ಇರಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ಒಂದು ವೀರಗಲ್ಲೋ, ಮುರಿದ ಕೋಟೆಯೋ, ಏನೂ ಇಲ್ಲದಿದ್ದರೆ ಯಾವನೋ ಪಾಳೇಗಾರ ಕುದುರೆಗೆ ನೀರು ಕುಡಿಸಿದ ಬಾವಿಯೋ ಇರುತ್ತಿತ್ತು. ನಮ್ಮಲ್ಲಿ ಪೇಟೆಯ ಚೌಕ, ಅದರ ನಾಲ್ಕೂ ಕಡೆ ಅಂಗಡಿ ಸಾಲು, ಒಂದು ಬಸ್ ನಿಲ್ದಾಣ ಇದ್ದವು. ಪೂರ್ವದ ಸಾಲಿನಲ್ಲಿ ಬಾಗಿಲು ಹಾಕಿದ ಎರಡು ಮಳಿಗೆ, ಅವುಗಳ ಪಕ್ಕದಲ್ಲಿ ನನ್ನ ಹಿಟ್ಟಿನ ಮಿಷನ್. ಯಾವ ರಾಜನೂ ಈ ಕಡೆ ಬಂದಿರಲಿಲ್ಲ, ಬಂದಿದ್ದರೂ ಏನೂ ಮಾಡದೆ ಹೋಗಿದ್ದ. ಜನ ಹುಟ್ಟುತ್ತಿದ್ದರು, ರಾಗಿ ಬೀಸಿಸಿಕೊಂಡು ಹೋಗುತ್ತಿದ್ದರು, ಸಾಯುತ್ತಿದ್ದರು.

ತೊಂದರೆ ಶುರುವಾದದ್ದು ಹಾಲೇಶಪ್ಪನಿಂದ. ಹಾಲೇಶಪ್ಪ ನಮ್ಮ ಪಂಚಾಯಿತಿ ಅಧ್ಯಕ್ಷ, ನನ್ನ ಯಜಮಾನರ ಚಿಕ್ಕಪ್ಪನ ಮಗ, ನನಗೆ ಮೈದುನ. ಬೇಸಿಗೆಯಲ್ಲೂ ಕೋಟು ಹಾಕುವ ಜಾತಿ. ಊರು ಪಂಚಾಯಿತಿಯಾಗಿ ಉಳಿದರೆ ತನ್ನ ಕೋಟಿಗೆ ಅವಮಾನ ಎಂದು ಅವನಿಗೆ ಅನ್ನಿಸಿತು. ಪುರಸಭೆಯಾಗಬೇಕು, ಬೀದಿ ದೀಪ ಬರಬೇಕು, ಚರಂಡಿ ಬರಬೇಕು, ಕಸದ ಗಾಡಿ ಬರಬೇಕು ಎಂದು ಹಟ ಹಿಡಿದ. ಅರ್ಜಿ ಹಾಕಿದರೆ ಮೇಲಿನಿಂದ ಒಂದೇ ಸಾಲಿನ ಉತ್ತರ ಬಂತು: ಇತಿಹಾಸವಿಲ್ಲದ ಊರಿಗೆ ಪುರಸಭೆ ಇಲ್ಲ.

ಬೇರೆಯವನಾಗಿದ್ದರೆ ಸುಮ್ಮನಾಗುತ್ತಿದ್ದ. ಇವನು ಕಡ ಕೇಳಲು ಹೊರಟ. ಮನೆಯಲ್ಲಿ ಮದುವೆಯಾದಾಗ ಪಕ್ಕದ ಮನೆಯಿಂದ ಕೊಪ್ಪರಿಗೆ ತರುವುದಿಲ್ಲವೇ, ಹಾಗೆ. ಮೊದಲು ಕೇಳಿದ ಊರಿನವರು ತಮ್ಮದು ತಮಗೇ ಸಾಲದು ಎಂದರು. ಎರಡನೆಯವರು ಒಂದು ಸೋತ ಯುದ್ಧ ಇದೆ, ಬೇಕಿದ್ದರೆ ಅದನ್ನು ಒಯ್ಯಿ, ಆದರೆ ದಸರಾಕ್ಕೆ ವಾಪಸ್ ಬೇಕು ಎಂದರು. ಹಾಲೇಶಪ್ಪ ಮುಖ ಊದಿಸಿಕೊಂಡು ಬಂದ. ಕೊನೆಗೆ ದಾರಿ ತೋರಿಸಿದ್ದು ಪುಟ್ಟಸ್ವಾಮಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು. ಅದರಿಂದಾಗಿ ಪೋಲೆಂಡ್ ದೇಶದ ಒಂದು ಪುಟ್ಟ ಊರಿನ ಮೇಯರಮ್ಮನ ಪರಿಚಯವಿತ್ತು. ಆಕೆಯ ಹೆಸರು ಬೊಗುಮಿಲಾ. ನಮ್ಮ ಬಾಯಿಗೆ ಬಂದಾಗ ಬೋಗಮ್ಮನಾದಳು. ಅವಳ ಊರಿನ ಹೆಸರನ್ನು ಮಾತ್ರ ನಮ್ಮಲ್ಲಿ ಯಾರೂ ಕೊನೆಯವರೆಗೆ ಹೇಳಿ ಮುಗಿಸಿದವರಿಲ್ಲ, ಆದ್ದರಿಂದ ‘ಆ ಊರು’ ಎಂದೇ ರೂಢಿಯಾಯಿತು.

ಬೋಗಮ್ಮ ಎಷ್ಟು ಸಲೀಸಾಗಿ ಒಪ್ಪಿದಳೆಂದರೆ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ನಮ್ಮಲ್ಲಿ ಇತಿಹಾಸ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಪೂರ್ತಿ ಒಯ್ಯಿರಿ, ವಾಪಸ್ ಕೊಡಲು ಅವಸರವೇನೂ ಇಲ್ಲ ಎಂದಳಂತೆ. ಬಿಸಿ ಪಾತ್ರೆಯನ್ನು ಇನ್ನೊಬ್ಬರ ಕೈಗೆ ದಾಟಿಸುವವರು ಹೀಗೇ ಮಾತಾಡುತ್ತಾರೆ.

ಸಭೆ ಸೇರಿತು. ಮೇಷ್ಟ್ರು ಮೈಕು ಹಿಡಿದು ಆ ಊರಿನ ಇತಿಹಾಸವನ್ನು ಓದಿದರು. ಒಬ್ಬ ದೊರೆ ಬಂದು, ಯಾವುದೋ ಜರ್ಮನ್ ಪಟ್ಟಣದ ಕಾನೂನಿನ ಪ್ರಕಾರ ನೀವೂ ಪಟ್ಟಣವಾಗಿ ಎಂದು ಸನ್ನದು ಕೊಟ್ಟನಂತೆ, ಗುರುವಾರ ಸಂತೆ ನಡೆಸಲು ಅಪ್ಪಣೆ ಕೊಟ್ಟನಂತೆ. ಆಮೇಲೆ ಮಹಾಮಾರಿ ಬಂತು, ಸ್ವೀಡನ್ನಿನ ಸೈನ್ಯ ಬಂದು ಲೂಟಿ ಮಾಡಿತು, ಹೊಳೆ ಉಕ್ಕಿತು, ಪೇಟೆಯ ಪೂರ್ವದ ಸಾಲು ಬೆಂಕಿ ಬಿದ್ದು ಬೂದಿಯಾಯಿತು. ಮೂರು ದೇಶದ ರಾಜರು ಸೇರಿ ಊರಿರುವ ನಾಡನ್ನು ಹಂಚಿಕೊಂಡರು. ಅವರಲ್ಲೊಬ್ಬ ರಾಜನಿಗೆ ಸಿಟ್ಟು ಬಂದು ಪಟ್ಟಣವನ್ನು ಹಳ್ಳಿಗೆ ಇಳಿಸಿದ. ಬಹಳ ಕಾಲದ ಮೇಲೆ ಮತ್ತೆ ಪಟ್ಟಣವಾಯಿತು. ನಡುನಡುವೆ ಆ ಜಿಲ್ಲೆಯಿಂದ ಈ ಜಿಲ್ಲೆಗೆ, ಈ ಜಿಲ್ಲೆಯಿಂದ ಆ ಜಿಲ್ಲೆಗೆ ಸೇರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಬೆಂಕಿಯ ಮಾತು ಬಂದಾಗ “ಅಯ್ಯೋ ಪಾಪ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಿರ್ಣಯ ಪಾಸಾಯಿತು.

ಮೇಲಿನವರು ಬಂದು ಪುರಸಭೆಯ ಬೋರ್ಡು ಹೊಡೆದು ಹೋದರು. ಅದಾಗಿ ಎರಡು ದಿನಕ್ಕೆ ಇತಿಹಾಸದೊಳಗಿನ ಆ ದೊರೆಯೇ ಬಂದ. ಆಟೋದಲ್ಲಿ ಬಂದ. ಮೈಮೇಲೆ ತುಪ್ಪಳದ ನಿಲುವಂಗಿ, ಮುಖದ ತುಂಬ ಬೆವರು. ಚೌಕದ ನಡುವೆ ನಿಂತು ಚರ್ಮದ ಸುರುಳಿಯೊಂದನ್ನು ಹಾಲೇಶಪ್ಪನ ಕೈಗಿಟ್ಟ, ಕೊರಳಿಗೆ ಒಂದು ದಪ್ಪ ಸರ ಹಾಕಿದ, ಎರಡು ಲೋಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದ. ಆ ಸರ ಹಾಲೇಶಪ್ಪನ ಕತ್ತನ್ನು ಕೆರೆಯುತ್ತಿತ್ತು. ಕೆಳಗೊಂದು ಟವೆಲ್ ಹಾಕಿಕೊಂಡು ಅದನ್ನು ದಿನಾ ಹಾಕಿದ, ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲವೆಂದು ಅವನ ಹೆಂಡತಿಯೇ ನನ್ನ ಮಿಷನ್ನಿಗೆ ಬಂದು ಹೇಳಿ ನಕ್ಕಳು. ನಮ್ಮ ಸಂತೆ ಮೊದಲಿನಿಂದಲೂ ಸೋಮವಾರ. ಈಗ ಸೋಮವಾರ ತಂದ ಬದನೆಕಾಯಿ ತಕ್ಕಡಿಗೆ ಹಾಕಿದರೆ ತೂಕವೇ ಬರುತ್ತಿರಲಿಲ್ಲ. ಗುರುವಾರ ಹಾಕಿದರೆ ಬರುತ್ತಿತ್ತು. ಜನ ಎರಡು ವಾರ ಗೊಣಗಿ ಗುರುವಾರಕ್ಕೆ ಹೊಂದಿಕೊಂಡರು.

ಮಹಾಮಾರಿ ನೆಗಡಿಯ ರೂಪದಲ್ಲಿ ಬಂತು. ಊರಿಗೆ ಊರೇ ಸೀನಿತು. ಊರಿನ ಕೋಳಿಗಳೂ ಸೀನಿದವು ಎನ್ನುತ್ತಾರೆ, ನಾನು ಕಣ್ಣಾರೆ ಕಂಡಿಲ್ಲ. ಅದಾದ ಮೇಲೆ ಜನಕ್ಕೆ ಸ್ವೀಡನ್ನಿನವರ ಮೇಲೆ ವಿಪರೀತ ಸಿಟ್ಟು ಬರತೊಡಗಿತು. ಸ್ವೀಡನ್ನಿನವರನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ, ಆದರೂ ನಲ್ಲಿಯ ಹತ್ತಿರ ತಿಮ್ಮಕ್ಕ ಗಂಡನನ್ನು ಬೈಯುವಾಗ “ಸ್ವೀಡನ್ನಿನವನೇ” ಎಂದು ಬೈದಳು, ಅವನು ಎರಡು ದಿನ ಊಟ ಬಿಟ್ಟ. ಸೈನ್ಯ ಬರುತ್ತದೆಂದು ಹಾಲೇಶಪ್ಪ ಊರಬಾಗಿಲಿಗೆ ಎತ್ತಿನಗಾಡಿ ಅಡ್ಡ ಹಾಕಿಸಿದ. ಬಂದದ್ದು ದಾರಿ ತಪ್ಪಿದ ಇಬ್ಬರು ಬಿಳಿಯರು, ಸೈಕಲ್ ಮೇಲೆ. ಗಾಡಿಯ ಸಂದಿಯಲ್ಲಿ ನುಸುಳಿ ಬಂದು ಹೋಟೆಲಿನಲ್ಲಿದ್ದ ಇಡ್ಲಿಯನ್ನೆಲ್ಲ ತಿಂದು, ಚಟ್ನಿಯನ್ನು ಲೋಟದಲ್ಲಿ ಕುಡಿದು, ಎಲ್ಲರಿಗೂ ಕೈ ಮುಗಿದು ಹೋದರು. ಊರು ಲೂಟಿಯಾಯಿತೆಂದು ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇತಿಹಾಸವೆಂದರೆ ಇಷ್ಟೇನಾ, ಮೊದಲೇ ತಂದುಕೊಳ್ಳಬಹುದಿತ್ತಲ್ಲ ಎಂದು ನಾನೂ ಅಂದೆ.

ಆಮೇಲೆ ಹೊಳೆ ಬಂತು. ನಮ್ಮೂರಿಗೆ ಹೊಳೆಯೇ ಇಲ್ಲ. ಅದು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಬಸ್ ನಿಲ್ದಾಣದ ರಸ್ತೆಯಿಂದ ಬಂತು, ಕೆಂಪು ನೀರು, ಆಳೆತ್ತರ. ಇಮಾಮ್ ಸಾಬರ ಸೈಕಲ್ ಅಂಗಡಿಯನ್ನು ತಗಡು, ಬೋರ್ಡು, ಗಾಳಿ ಹಾಕುವ ಪಂಪು ಸಮೇತ ಎತ್ತಿಕೊಂಡು ಸಂತೆ ಮೈದಾನದಾಚೆ ಮಾಯವಾಯಿತು. ಇಮಾಮ್ ಸಾಬರು ಟೀ ಕುಡಿಯಲು ಆಚೆ ಬಂದಿದ್ದರಿಂದ ಬದುಕಿದರು. ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು ಖಾಲಿ ಜಾಗವನ್ನು ನೋಡುತ್ತ ನಿಂತಿದ್ದ ಆ ಮನುಷ್ಯನನ್ನು ಕಂಡು ಯಾರಿಗೂ ನಗು ಬರಲಿಲ್ಲ. ಇದು ನೆಗಡಿಯ ಅಳತೆಯಲ್ಲಿ ಬಂದಿರಲಿಲ್ಲ, ಪೂರಾ ಅಳತೆಯಲ್ಲೇ ಬಂದಿತ್ತು.

ನಾನು ಸೀದಾ ಮೇಷ್ಟ್ರ ಮನೆಗೆ ಹೋಗಿ ಮುಂದೇನು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದರು, ಒರೆಸಿದರು, ಹಾಕಿಕೊಳ್ಳಲೇ ಇಲ್ಲ.

“ಮುಂದೆ ಬೆಂಕಿ, ಸಿದ್ಲಿಂಗಮ್ನೋರೇ” ಎಂದರು. ಸುಗ್ಗಿ ಮುಗಿದ ಮೇಲೆ ಬರುವ ಗುರುವಾರ, ಸಂತೆಯ ದಿನ.

ಪೂರ್ವದ ಸಾಲೆಂದರೆ ನನ್ನ ಮಿಷನ್ ಇರುವ ಸಾಲು. ಆ ಮಿಷನ್ ಬಗ್ಗೆ ಹೇಳದಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಯಜಮಾನರು ಹೋದಾಗ ನನ್ನ ಕಡೆಯವರು ಅದನ್ನು ಮಾರಿ ತವರಿಗೆ ಬಾ ಎಂದರು, ಅವರ ಕಡೆಯವರು ನಮಗೆ ಬಿಟ್ಟುಕೊಡು ಎಂದರು. ನಾನು ಎರಡೂ ಮಾಡಲಿಲ್ಲ. ಬೆಲ್ಟು ಹಾಕುವುದು ಕಲಿತೆ, ಸವೆದ ಕಲ್ಲನ್ನು ಉಳಿ ಹಿಡಿದು ಕಟೆಯುವುದು ಕಲಿತೆ, ರಾಗಿಗೆ ಎಷ್ಟು ಬಿಗಿ, ಅಕ್ಕಿಗೆ ಎಷ್ಟು ಸಡಿಲ ಎಂದು ಸದ್ದಿನಲ್ಲೇ ತಿಳಿಯುವುದು ಕಲಿತೆ. ಬೆಳಿಗ್ಗೆ ಗುಂಡಿ ಒತ್ತಿದಾಗ ಅದು ಹೊಡೆದುಕೊಳ್ಳುವ ಸದ್ದು ಕೇಳಿದರೆ ನನಗೆ ಈಗಲೂ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತದೆ. ಅದನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಡುವ ಹಾಗೂ ಇರಲಿಲ್ಲ. ಕಾಂಕ್ರೀಟಿನಲ್ಲಿ ಕೂರಿಸಿದ ಯಂತ್ರ, ಎತ್ತುವುದೆಂದರೆ ಒಡೆಯುವುದು. ಅದು ಸುಟ್ಟರೆ ನಾನು ಏನು ಮಾಡಲಿ? ಅಂದು ಮೇಷ್ಟ್ರ ಜಗಲಿಯ ಮೇಲೆ ಕೂತು ಅತ್ತೆ. ಅಳುವುದಕ್ಕೆ ನಾಚಿಕೆಯೇನೂ ಪಡಲಿಲ್ಲ.

ಮರುದಿನ ಪುರಸಭೆಗೆ ಹೋಗಿ ಗಲಾಟೆ ಮಾಡಿದೆ. ಹಾಲೇಶಪ್ಪ ಸರವನ್ನು ಸರಿಮಾಡಿಕೊಳ್ಳುತ್ತ, ಬೆಂಕಿಯೂ ನೆಗಡಿಯ ಹಾಗೆ ಸಣ್ಣದಾಗೇ ಬರಬಹುದು, ನಿಮ್ಮ ಮನೆಯ ರೊಟ್ಟಿ ಸ್ವಲ್ಪ ಸೀದೀತು ಎಂದು ಸಮಾಧಾನ ಹೇಳಿದ. ಈ ಮಾತನ್ನು ಇಮಾಮ್ ಸಾಬರ ಮುಂದೆ ಹೇಳು ಎಂದೆ. ಅವನು ಸದಸ್ಯರನ್ನು ಕರೆಸಿದ. ಕೊನೆಗೆ ಸದಸ್ಯರೆಲ್ಲ ಸೇರಿ ಒಂದು ಉಪಾಯ ಹುಡುಕಿದರು. ಇತಿಹಾಸದಲ್ಲಿ ಇರುವುದು ‘ಪೂರ್ವದ ಸಾಲು’ ಎಂದು, ಸಿದ್ಧಲಿಂಗಮ್ಮನ ಮಿಷನ್ ಎಂದಲ್ಲ. ಆದ್ದರಿಂದ ಪೂರ್ವ ದಿಕ್ಕನ್ನು ಸ್ಥಳಾಂತರಿಸಿದರೆ ಆಯಿತು. ಪುರಸಭೆಗೆ ಆ ಅಧಿಕಾರ ಇದೆಯೇ ಎಂದು ಒಬ್ಬ ಕೇಳಿದ. ಬಸ್ ನಿಲ್ದಾಣವನ್ನು ಸ್ಥಳಾಂತರಿಸಬಹುದಾದರೆ ದಿಕ್ಕೇನು ಮಹಾ ಎಂದು ಇನ್ನೊಬ್ಬ ಹೇಳಿದ.

ಆದರೆ ಪೂರ್ವವಾಗಲು ಯಾರು ಒಪ್ಪುತ್ತಾರೆ? ದಕ್ಷಿಣದ ಸಾಲಿನ ಬಟ್ಟೆ ಅಂಗಡಿಯವರು ನಾವು ಅಜ್ಜನ ಕಾಲದಿಂದ ದಕ್ಷಿಣದವರು ಎಂದು ಎದೆ ತಟ್ಟಿಕೊಂಡರು. ಪಶ್ಚಿಮದವರು ಹೊಡೆದಾಟಕ್ಕೇ ಬಂದರು. ಉತ್ತರದ ಸಾಲಿನಲ್ಲಿ ಹಾಲೇಶಪ್ಪನ ಗೊಬ್ಬರದ ಅಂಗಡಿ ಇತ್ತು, ಆದ್ದರಿಂದ ಉತ್ತರದ ಮಾತೇ ಏಳಲಿಲ್ಲ. ಸರ್ವೆಯವನು ಬಂದು ಚೌಕದ ನಡುವೆ ಸರಪಳಿ ಎಳೆದ, ಮೂರು ಕಡೆಯವರೂ ಬೈದಾಗ ಸರಪಳಿ ಬಿಟ್ಟು ಓಡಿದ. ಸೂರ್ಯ ಹುಟ್ಟುವುದು ನನ್ನ ಮಿಷನ್ನಿನ ಹಿಂದೆಯೇ ಅಲ್ಲವೇ, ಅದಕ್ಕೇನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಮೇಷ್ಟ್ರು, ಸೂರ್ಯ ಪುರಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ದುಃಖದಿಂದ ಹೇಳಿದರು. ಪೂರ್ವ ಇದ್ದಲ್ಲೇ ಉಳಿಯಿತು.

ಅಷ್ಟರಲ್ಲಿ ಬೋಗಮ್ಮನೇ ಬಂದಳು. ಕಡ ಕೊಟ್ಟ ಪಾತ್ರೆ ಹೇಗಿದೆಯೆಂದು ನೋಡಿ ಹೋಗಲು ಬರುವವರ ಹಾಗೆ, ಒಂದು ಕೈಚೀಲ ಹಿಡಿದು. ದುಂಡು ಮುಖ, ಗುಲಾಬಿ ಕೆನ್ನೆ. ಅವಳು ಹೇಳಿದ್ದನ್ನು ಮೇಷ್ಟ್ರು ಕನ್ನಡ ಮಾಡುತ್ತಿದ್ದರು. ಇತಿಹಾಸ ಕೊಟ್ಟ ಮೇಲೆ ತಮ್ಮೂರಿನವರು ಬಹಳ ಸುಖವಾಗಿದ್ದಾರಂತೆ, ಚೆನ್ನಾಗಿ ನಿದ್ದೆ ಬರುತ್ತದಂತೆ. ಯಾರ ಮೇಲೂ ಸಿಟ್ಟು ಉಳಿದಿಲ್ಲವಂತೆ, ಮೊನ್ನೆ ಒಂದು ಬಸ್ಸಿನ ತುಂಬ ಸ್ವೀಡನ್ನಿನವರನ್ನು ಊಟಕ್ಕೆ ಕರೆದರಂತೆ. ಒಂದೇ ಕಷ್ಟ, ಚೌಕದಲ್ಲಿರುವ ಪ್ರತಿಮೆ ಯಾರದೆಂದು ಯಾರಿಗೂ ಗೊತ್ತಾಗುತ್ತಿಲ್ಲವಂತೆ, ಅದಕ್ಕೆ ಸುಮ್ಮನೆ ಟೋಪಿ ಹಾಕಿದ್ದಾರಂತೆ.

ಅವಳನ್ನು ನಾನು ಮಿಷನ್ನಿಗೆ ಕರೆದುಕೊಂಡು ಹೋದೆ. ಆಗ ತಾನೇ ಬೀಸಿದ ಜೋಳದ ಹಿಟ್ಟನ್ನು ಅಂಗೈಗೆ ಹಾಕಿದೆ. ಬಿಸಿ ಇತ್ತು. ಅವಳು ಅದನ್ನು ಮೂಸಿ ನೋಡಿದಳು, ಬೆಲ್ಟು ನೋಡಿದಳು, ಗೋಡೆಯ ಮೇಲಿನ ನನ್ನ ಯಜಮಾನರ ಫೋಟೋ ನೋಡಿದಳು. ಇದು ಪೂರ್ವದ ಸಾಲೇ ಎಂದು ಮೇಷ್ಟ್ರನ್ನು ಕೇಳಿದಳು. ಹೌದು ಎಂದಾಗ ಅವಳ ಕೆನ್ನೆಯ ಗುಲಾಬಿ ಇಳಿಯಿತು. ಇತಿಹಾಸವನ್ನು ನಡುವೆ ಹರಿದು ಅರ್ಧ ವಾಪಸ್ ಕೊಡಲು ಆಗುವುದಿಲ್ಲವಂತೆ. ಆದರೆ ಕಡ ಪಡೆದ ಊರು ಪಟ್ಟಣವಾಗಿ ಉಳಿಯದಿದ್ದರೆ ಅದು ತಾನಾಗಿಯೇ ಮನೆಗೆ ಬರುತ್ತದಂತೆ. ತಮ್ಮಲ್ಲಿ ಪೂರ್ವದ ಸಾಲು ಒಮ್ಮೆ ಸುಟ್ಟಾಗಿದೆ, ಇನ್ನೊಮ್ಮೆ ಸುಡುವುದಿಲ್ಲ, ನಿದ್ದೆ ಸ್ವಲ್ಪ ಕೆಡುತ್ತದೆ ಅಷ್ಟೇ ಎಂದಳು. ನಿಮ್ಮೂರಿನವರು ಪಟ್ಟಣ ಬಿಟ್ಟುಕೊಡುತ್ತಾರಾ ಎಂದು ಕೇಳಿದಳು. ನಾನು ಹಾಲೇಶಪ್ಪನ ಸರವನ್ನು ನೆನೆಸಿಕೊಂಡು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳಿಗೆ ಹಿಟ್ಟು ಕಟ್ಟಿಕೊಟ್ಟು ಬಸ್ಸು ಹತ್ತಿಸಿದೆ.

ಸುಗ್ಗಿ ಮುಗಿಯಿತು. ಬುಧವಾರ ತುರ್ತು ಸಭೆ ಕರೆಯಬೇಕೆಂದು ನಾನೇ ಪುರಸಭೆಯ ಬಾಗಿಲಲ್ಲಿ ಹೋಗಿ ಕೂತೆ. ಚೌಕದಲ್ಲಿ ಜನ ತುಂಬಿದರು, ಬೋಗಮ್ಮ ಹೇಳಿದ್ದನ್ನು ಮೇಷ್ಟ್ರು ಎಲ್ಲರಿಗೂ ತಿಳಿಸಿದರು. ಪುರಸಭೆಯಾದ ಮೇಲೆ ಊರಿಗೆ ಒಳ್ಳೆಯದೇನೂ ಆಗಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಬೀದಿ ದೀಪ ಬಂದಿತ್ತು, ಹೆಣ್ಣುಮಕ್ಕಳು ಟ್ಯೂಷನ್ ಮುಗಿಸಿ ಹೆದರದೆ ಬರುತ್ತಿದ್ದರು. ಕೆಳಗಿನ ಕೇರಿಗೆ ಚರಂಡಿ ಬಂದಿತ್ತು. ಅದನ್ನೆಲ್ಲ ನಿನ್ನ ಒಂದು ಮಿಷನ್ನಿಗಾಗಿ ಬಿಡಬೇಕೇ ಎಂದು ಒಬ್ಬ ಸದಸ್ಯ ಕೇಳಿದ. ನನಗೆ ಬಿಡಬೇಕು ಎನ್ನಲು ಬಾಯಿ ಬರಲಿಲ್ಲ, ಬಿಡಬೇಡಿ ಎನ್ನಲೂ ಬರಲಿಲ್ಲ. ಕೈ ಎತ್ತಿಸಿದರು. ಪಟ್ಟಣ ಇರಲಿ ಎಂದವರೂ ಹೋಗಲಿ ಎಂದವರೂ ಸರಿಸಮ ಆದರು. ಉಳಿದದ್ದು ಅಧ್ಯಕ್ಷನ ಕೈ ಒಂದೇ.

ಹಾಲೇಶಪ್ಪ ಎದ್ದು ನಿಂತ. ಸರದ ಕೆಳಗಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಅವನು ಹುಡುಗನಾಗಿದ್ದಾಗ ನಾನು ಮದುವೆಯಾಗಿ ಆ ಮನೆಗೆ ಬಂದವಳು. ಅವನ ಮುಖ ನೋಡಿದರೆ ನನಗೆ ಎಲ್ಲ ಗೊತ್ತಾಗುತ್ತದೆ. ಆ ದಿನ ಏನೂ ಗೊತ್ತಾಗಲಿಲ್ಲ.

“ನೋಡಿ ಅತ್ಗೆ” ಎಂದ. ಸಭೆಗೆ ಹೇಳಲಿಲ್ಲ, ನನಗೇ ಹೇಳಿದ. “ನಾನು ಪುರಸಭೆ ಅಧ್ಯಕ್ಷ ಆಗಿದ್ದು ಯಾಕೆ? ಗುರುವಾರ ಸಂತೇಲಿ ನಡ್ಕೊಂಡ್ ಹೋಗ್ತಿದ್ರೆ ಜನ ನನ್ನ ನೋಡ್ಲಿ ಅಂತ. ನಾಳೆ ನಿಮ್ಮ ಮಿಷನ್ ಉರೀತಿದ್ರೆ ನನ್ನ ಯಾರು ನೋಡ್ತಾರೆ? ಎಲ್ಲಾರೂ ಬೆಂಕಿ ನೋಡ್ತಾರೆ. ನಾನೂ ಅದನ್ನೇ ನೋಡ್ಬೇಕಾಗುತ್ತೆ.”

ಇಷ್ಟು ಹೇಳಿ ಸರವನ್ನು ತೆಗೆಯಲು ಹೋದ. ಅದು ಕಿವಿಗೆ ಸಿಕ್ಕಿಕೊಂಡಿತು. ಅವನ ಹೆಂಡತಿ ಬಂದು ಬಿಡಿಸಿದಳು. ಸರವನ್ನು ಮೇಜಿನ ಮೇಲಿಟ್ಟು, ಹೋಗಲಿ ಎನ್ನುವವರ ಕಡೆ ಕೈ ಎತ್ತಿದ. ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ, ಅದೆಲ್ಲವೂ ಒಟ್ಟಿಗೇ ನೆನಪಿಗೆ ಬಂತು.

ಗುರುವಾರ ಬೆಳಿಗ್ಗೆ ಮಿಷನ್ನಿನ ಮುಂದೆ ಊರಿಗೆ ಊರೇ ಬಿಂದಿಗೆ, ಬಕೆಟ್ಟು ಹಿಡಿದು ಕೂತಿತ್ತು, ನಂಬಿಕೆ ಸಾಲದೆ. ಯಾರೋ ಬೀಡಿ ಹಚ್ಚಿದ್ದಕ್ಕೆ ಅವನ ತಲೆಗೆ ಮೂರು ಬಿಂದಿಗೆ ನೀರು ಬಿತ್ತು. ಬೇರೇನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಳೆ ಹಿಂದುಹಿಂದಕ್ಕೆ ಹರಿಯುತ್ತ ಬಂದು ಇಮಾಮ್ ಸಾಬರ ಅಂಗಡಿಯನ್ನು ಇದ್ದ ಜಾಗದಲ್ಲೇ ಇಳಿಸಿ ಹೋಯಿತು. ಪಂಪು ಮಾತ್ರ ಬರಲಿಲ್ಲ. ಅದನ್ನು ಆ ಊರಿನವರೇ ಇಟ್ಟುಕೊಂಡಿದ್ದಾರೆಂದು ಇಮಾಮ್ ಸಾಬರ ಗುಮಾನಿ. ತಿಮ್ಮಕ್ಕನ ಬಾಯಲ್ಲಿ ಸ್ವೀಡನ್ನಿನ ಹೆಸರು ಬರುವುದು ನಿಂತಿತು, ಅವಳು ಮತ್ತೆ ಹಳೆಯ ಬೈಗುಳಗಳಿಗೆ ಬಂದಳು. ಸಂಜೆ ಬೀದಿ ದೀಪ ಹತ್ತಲಿಲ್ಲ. ಆಗ ನನಗೆ ಬಹಳ ಕೆಡುಕೆನಿಸಿತು. ಹೆಣ್ಣುಮಕ್ಕಳು ಬರುವ ದಾರಿಯಲ್ಲಿ ನನ್ನ ಮಿಷನ್ನಿನ ದೊಡ್ಡ ಬಲ್ಬನ್ನು ತಂದು ಹಾಕಿದೆ. ಒಂದು ಬಲ್ಬಿನಿಂದ ಎಷ್ಟು ಬೆಳಕಾದೀತು?

ಮುಂದಿನ ವಾರ ಮೇಲಿನಿಂದ ಒಬ್ಬ ಅಧಿಕಾರಿ ಬೋರ್ಡು ಬಿಚ್ಚಿಕೊಂಡು ಹೋಗಲು ಬಂದರು. ತೆಳ್ಳಗಿನ, ಬಿಸಿಲಿಗೆ ಬೇಸತ್ತ ಮನುಷ್ಯ. ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಮಿಷನ್ನಿನ ನೆರಳಿಗೆ ಬಂದು ಕೂತರು. ನಾನು ನೀರು ಕೊಟ್ಟೆ. ಹಾಲೇಶಪ್ಪ ಪಕ್ಕದಲ್ಲಿ ನಿಂತಿದ್ದ, ಕೋಟಿಲ್ಲದೆ. ಪುರಸಭೆ ಹೋದದ್ದು ಹೇಗೆಂದು ಬರೆಯಬೇಕು, ಏನಾಯಿತು ಹೇಳಿ ಎಂದರು ಅಧಿಕಾರಿ.

“ಈ ಮಿಷನ್ ಸುಟ್ಟು ಹೋಗ್ಬೇಕಿತ್ತು ಸಾರ್” ಎಂದ ಹಾಲೇಶಪ್ಪ. “ಸುಡ್ಲಿಲ್ಲ.”

“ಆಮೇಲೆ?”

“ಆಮೇಲೆ ಅತ್ಗೆ ರಾಗಿ ಬೀಸಿದ್ರು.”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಸುಡಲಿಲ್ಲ ಯಾಕೆ ಎಂದು ಕೇಳಿದರು. ಊರು ಪಟ್ಟಣವನ್ನು ಬಿಟ್ಟುಕೊಟ್ಟದ್ದನ್ನು ಮೇಷ್ಟ್ರು ಹೇಳಿದರು, ಯಾರು ಯಾರು ಕೈ ಎತ್ತಿದರೆಂದು ನಾನು ಹೇಳಿದೆ, ಬಿಂದಿಗೆ ಹಿಡಿದು ಕೂತ ಕಥೆಯನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಅಧಿಕಾರಿ ಕೇಳಿದರು, ಲೋಟದ ನೀರು ಮುಗಿಸಿದರು, ನಮ್ಮನ್ನು ಒಬ್ಬೊಬ್ಬರನ್ನಾಗಿ ಅನುಮಾನದಿಂದ ನೋಡಿದರು.

“ಈಗ ಹೇಳಿದ್ರಲ್ಲ, ಈ ಇತಿಹಾಸಾನ ಯಾವ ಊರಿಂದ ಕಡ ತಂದ್ರಿ?”

ಹಾಲೇಶಪ್ಪ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಅವನ ಕುತ್ತಿಗೆಯ ಮೇಲೆ ಸರ ಕೆರೆದ ಕೆಂಪು ಗೆರೆ ಇನ್ನೂ ಇತ್ತು.

“ಇದು ಕಡ ತಂದಿದ್ದಲ್ಲ ಸಾರ್” ಎಂದ. “ಇದು ನಮ್ದೇ.”

ಅಧಿಕಾರಿ ‘ಇತಿಹಾಸ: ಸ್ವಂತದ್ದು’ ಎಂದು ಬರೆದುಕೊಂಡರು. ಆಮೇಲೆ ಕಂಕುಳಲ್ಲಿದ್ದ ಬೋರ್ಡನ್ನು ಹಾಲೇಶಪ್ಪನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, ಸುತ್ತಿಗೆ ಇದೆಯೇ ಅಮ್ಮಾ ಎಂದು ಕೇಳಿದರು.